ಪಾರಿಶ್ವಾಡದ ಮಣ್ಣಿಗೆ ಹೋದ ಕಾಲು

ನಮ್ಮದು ಮುಖ ನೋಡದ ವೈದ್ಯಕೀಯ. ಬೆಳಗಾವಿಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಮೇಲಿನ ಮಹಡಿಗಳಲ್ಲಿ ಕೊಯ್ದು ಕಳಿಸಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗಕ್ಕೆ ಹೆಸರಿಡುವುದು ನನ್ನ ಕೆಲಸ. ರೋಗಿಗಳಿಗೆ ನಾನು ಗೊತ್ತಿಲ್ಲ, ನನಗೆ ರೋಗಿಗಳು ಗೊತ್ತಿಲ್ಲ. ಇಬ್ಬರಿಗೂ ಅದೇ ಕ್ಷೇಮ ಎಂದುಕೊಂಡು ಇಷ್ಟು ವರ್ಷ ತಳ್ಳಿದ್ದೆ. ಖಾನಾಪುರದ ಕಡೆಯ ಪಾರಿಶ್ವಾಡವೆಂಬ ಹಳ್ಳಿಯ ಆ ಹುಡುಗಿಯೂ ಮೊದಲು ನನ್ನ ಬಳಿ ಬಂದದ್ದು ಬೆಂಕಿಕಡ್ಡಿಯಷ್ಟು ದಪ್ಪದ ಎಲುಬಿನ ಚೂರಾಗಿ.

ಎಲುಬೆಂದರೆ ಮೈಯೊಳಗಿನ ಕಲ್ಲು ಎಂದು ತಿಳಿದವರೇ ಹೆಚ್ಚು. ಅದು ಬದುಕಿರುವ ವಸ್ತು. ಅದರಲ್ಲಿ ಕಟ್ಟುವ ಕೋಶಗಳಿವೆ, ಹಳೆಯದನ್ನು ಕೆಡಹುವ ಕೋಶಗಳಿವೆ. ಕಟ್ಟುವ ಕೋಶ ತನ್ನ ಸುತ್ತ ತಾನೇ ಎಲುಬು ಕಟ್ಟುತ್ತ ಕಟ್ಟುತ್ತ ಕಡೆಗೆ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡು ಸಾಯುವುದಿಲ್ಲ. ಪುಟ್ಟ ಗುಣಿಯೊಂದರಲ್ಲಿ ಕೂತು, ನೂಲಿನಂಥ ಕೈಗಳನ್ನು ಚಾಚಿ, ಅಕ್ಕಪಕ್ಕದ ಗುಣಿಗಳಲ್ಲಿರುವ ತನ್ನಂಥವರನ್ನು ಮುಟ್ಟಿಕೊಂಡು ವರ್ಷಗಟ್ಟಲೆ ಬಾಳುತ್ತದೆ. ಆರೋಗ್ಯವಂತ ಎಲುಬನ್ನು ನೋಡುವಾಗ ನನಗೆ ಈಗಲೂ ಸಮಾಧಾನವಾಗುತ್ತದೆ. ಆ ಚೂರಿನಲ್ಲಿ ಆ ಶಿಸ್ತು ಇರಲಿಲ್ಲ. ಕಟ್ಟುವ ಕೋಶಗಳು ಹದ ತಪ್ಪಿ ಬೆಳೆದು, ಯಾರೂ ಕೇಳದ ಎಲುಬನ್ನು ಎಲ್ಲೆಂದರಲ್ಲಿ ಕಟ್ಟುತ್ತಿದ್ದವು. ಬೆಳೆಯುವ ವಯಸ್ಸಿನವರಿಗೆ, ಅದರಲ್ಲೂ ಮೊಣಕಾಲಿನ ಹತ್ತಿರ ಬರುವ ಎಲುಬಿನ ಕ್ಯಾನ್ಸರ್. ವರದಿ ಬರೆದು ಸಹಿ ಹಾಕಿದೆ. ಚಹಾ ಬಂತು, ಕುಡಿದೆ.

ಮೇಲಿನ ಮಹಡಿಯಲ್ಲಿ ಕ್ಯಾನ್ಸರ್ ಔಷಧಿಯ ಸುತ್ತುಗಳು ನಡೆದವು. ಗಡ್ಡೆ ಕುಗ್ಗಿದ ಮೇಲೆ ಅದನ್ನಷ್ಟೇ ತೆಗೆದು ಕಾಲು ಉಳಿಸಬೇಕೆಂಬುದು ಮೂಳೆ ಸರ್ಜನ್ನರ ಲೆಕ್ಕ. ಗಡ್ಡೆ ಕುಗ್ಗಲಿಲ್ಲ, ಕಾಲಿನ ದೊಡ್ಡ ರಕ್ತನಾಳವನ್ನು ಅಪ್ಪಿಕೊಂಡು ಕೂತಿತ್ತು. ತೊಡೆಯ ಮೇಲ್ಭಾಗದಿಂದ ಕಾಲು ತೆಗೆಯುವುದೆಂದು ತೀರ್ಮಾನವಾಯಿತು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಒಂದು ಗಾಲಿಕುರ್ಚಿ ಬಂದು ನಿಂತಿತು. ಅದರಲ್ಲಿ ಕೂತಿದ್ದವಳು ತಲೆಗೆ ಹಳದಿ ಸ್ಕಾರ್ಫ್ ಕಟ್ಟಿದ್ದ ಪಿಯುಸಿ ಓದುವ ಹುಡುಗಿ. ತಳ್ಳಿಕೊಂಡು ಬಂದವರು ಅವಳ ತಾಯಿ. ನಮ್ಮಲ್ಲಿಗೆ ರೋಗಿಗಳು ಬರುವ ಪದ್ಧತಿಯಿಲ್ಲ. ಒಳಗಡೆ ಅಂಗಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಬೇರೆ. ನಾನು ಸ್ವಲ್ಪ ಸಿಡುಕಿಕೊಂಡೇ ಎದ್ದೆ.

"ಇಲ್ಲೇ ಏನ್ರಿ ನನ್ನ ಕಾಲ ಬರೂದು?" ಎಂದಳು ಹುಡುಗಿ, ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ಹಾಗೆ.

ತಾಯಿ ಮುಂದೆ ಬಂದರು. "ತಪ್ಪ ತಿಳಕೋಬ್ಯಾಡ್ರಿ ಬಾಯಾರ. ಮ್ಯಾಲಿನ ಸಿಸ್ಟರ್ ಹೇಳಿದ್ರು. ಕೊಯ್ದ ಕಾಲ ನಿಮ್ಮ ಕಡೆ ಕಳಸ್ತಾರಂತ, ನೀವು ನೋಡಿದ ಮ್ಯಾಲ ಸುಡಾಕ ಒಯ್ತಾರಂತ. ಖರೇ ಏನ್ರಿ?"

"ಖರೇರಿ. ಅದ ನಿಯಮ."

"ಸುಡೂದು ಬ್ಯಾಡ್ರಿ. ನಮ್ಮಾಗ ಮಣ್ಣ ಕೊಡೂದು."

"ಅವ್ವ ಅರ್ಧಾನ ಹೇಳ್ತಾಳು," ಎಂದಳು ಹುಡುಗಿ. "ನಮ್ಮಾಗ ಸತ್ತವರನ್ನ ಕುಂದರಿಸಿ ಮಣ್ಣ ಕೊಡ್ತಾರ್ರಿ. ನಮ್ಮ ಮುತ್ಯಾನ್ನ ಚಕ್ಕಳಮಕ್ಕಳ ಹಾಕಿ ಕುಂದರಿಸಿದ್ದ ನಾ ನೋಡೇನಿ. ನನ್ನ ಒಂದ ಕಾಲ ಬೂದಿ ಆದ್ರ ಮುಂದ ನನ್ನ ಹೆಂಗ ಕುಂದರಸ್ತಾರ?"

"ಸುಮ್ನಿರ. ಹೊತ್ತಲ್ಲದ ಹೊತ್ತಿನಾಗ ಅದ ಮಾತ."

"ಈಗಿಂದಲ್ಲಬೇ. ನಿನ್ನಂಗ ಮುದುಕಿ ಆದ ಮ್ಯಾಲಿಂದ."

ತಾಯಿ ಮಗಳನ್ನು ಬಯ್ಯಲಾರದೆ ರೋಗವನ್ನು ಬಯ್ದರು. "ಅದರ ಬಾಯಾಗ ಮಣ್ಣ ಬೀಳ್ಲಿ. ಅದರ ವಂಶ ನಿರ್ವಂಶ ಆಗ್ಲಿ. ಎಲ್ಲಿಂದ ಬಂತೋ ನಮ್ಮ ಮನಿ ಹುಡುಕ್ಕೋತ." ಮುಂದೆ ಗೊತ್ತಾಯಿತು, ಆ ತಾಯಿಗೆ ಇದು ದಿನದ ಪಾಠ. ಉಳಿದವರು ದೇವರನ್ನು ಕರೆಯುವ ಹೊತ್ತಿನಲ್ಲಿ ಅವರು ರೋಗಕ್ಕೆ ಶಾಪ ಹಾಕುತ್ತಿದ್ದರು. ವಾರ್ಡಿನಲ್ಲಿ ಅವರ ಬೈಗುಳ ಕೇಳಿ ಅಕ್ಕಪಕ್ಕದ ಹಾಸಿಗೆಯವರಿಗೂ ಸ್ವಲ್ಪ ಧೈರ್ಯ ಬರುತ್ತಿತ್ತಂತೆ.

ಮೂಢನಂಬಿಕೆ ಎಂದು ಕಳಿಸಿಬಿಡುವುದು ಸುಲಭವಿತ್ತು. ಆದರೆ ನಾನೂ ಅದೇ ಮಣ್ಣಿನವಳು. ಮಹಾಂತೇಶ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ತಂದೆಯನ್ನೂ ಗೋಡೆಗೆ ಆನಿಸಿ ಕೂರಿಸಿದ್ದೆವು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮಡಿಚಿದ ಎರಡೂ ಕಾಲು. ಕೂತಿದ್ದರಿಂದ ಅವರು ಸತ್ತವರ ಹಾಗೆ ಕಾಣಿಸಿರಲಿಲ್ಲ, ಯಾರನ್ನೋ ಕಾಯುತ್ತಿದ್ದವರ ಹಾಗೆ ಕಂಡಿದ್ದರು.

ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಲಿನೊಳಗಿನ ಎಲುಬನ್ನು ನಾನು ಕೊಯ್ಯಲೇಬೇಕು. ಕೊಟ್ಟ ಔಷಧಿಗೆ ಗಡ್ಡೆಯ ಎಷ್ಟು ಕೋಶಗಳು ಸತ್ತಿವೆ, ಎಷ್ಟು ಬದುಕಿವೆ ಎಂಬುದು ಅದರಿಂದಲೇ ತಿಳಿಯಬೇಕು. ಬಹುಪಾಲು ಸತ್ತಿದ್ದರೆ ಅದೇ ಔಷಧಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಬೇರೆ ದಾರಿ ಹುಡುಕಬೇಕು. ಅವಳ ಜೀವದ ಮುಂದಿನ ಲೆಕ್ಕವೆಲ್ಲ ಆ ಎಲುಬಿನೊಳಗಿದೆ.

ಹುಡುಗಿ ಸ್ವಲ್ಪ ಹೊತ್ತು ಕಾಲನ್ನೇ ನೋಡಿದಳು. "ಕೊಯ್ಕೋರಿ," ಎಂದಳು. "ಆದ್ರ ಉಳದದ್ದು ಅವತ್ತ ಕೊಡ್ರಿ. ಕೊಯ್ಕೊಂಡದ್ದೂ ನಿಮ್ಮ ಕೆಲಸ ಮುಗದ ಮ್ಯಾಲ ಕೊಡ್ರಿ."

ಆಯಿತು ಎಂದೆ.

ಅಂದ ಮೇಲೆ ತೊಡಕು ತಿಳಿಯಿತು. ಸಾಮಾನ್ಯವಾಗಿ ನಾವು ಇಂಥ ಕಾಲನ್ನು ಫಾರ್ಮಲಿನ್ನಿನಲ್ಲಿ ನೆನೆಹಾಕಿ, ಮಾಂಸವೆಲ್ಲ ಗಟ್ಟಿಯಾದ ಮೇಲೆ ನಿಧಾನವಾಗಿ ಕೊಯ್ಯುತ್ತೇವೆ. ಫಾರ್ಮಲಿನ್ ಕುಡಿದ ಕಾಲನ್ನು ಮಣ್ಣಿಗೆ ಕೊಟ್ಟು ಉಪಯೋಗವಿಲ್ಲ, ಮಣ್ಣು ಅದನ್ನು ಒಪ್ಪಿಕೊಳ್ಳುವುದಿಲ್ಲ. ಅವತ್ತೇ ಕೊಡಬೇಕಾದರೆ ಹಸಿಯಾಗಿದ್ದಾಗಲೇ ಕೊಯ್ಯಬೇಕು. ಹಸಿ ಗಡ್ಡೆ ಗರಗಸಕ್ಕೆ ಸಿಕ್ಕರೆ ಕಲಸಿಹೋಗಬಹುದು. ಕಲಸಿಹೋದರೆ ಎಲ್ಲಿ ಸತ್ತಿದೆ, ಎಲ್ಲಿ ಬದುಕಿದೆ ಎಂಬ ನಕ್ಷೆಯೇ ಹಾಳು.

ಸರ್ಜನ್ನರಿಗೆ ಸಿಟ್ಟು ಬಂತು. "ಮೇಡಂ, ನೀವು ಮನಸಿಗೆ ಹಚಕೊಂಡ್ರಿ. ನಾಳೆ ನಿಮ್ಮ ಸ್ಲೈಡ್ ಕೆಟ್ಟರ ನಾ ಕತ್ತಲಾಗ ಔಷಧಿ ಕೊಡ್ಲಿ ಏನು?"

ಅವರ ಮಾತು ನ್ಯಾಯದ್ದೇ. ಒಂದು ಕಡೆ ಹುಡುಗಿಯ ಚಿಕಿತ್ಸೆ, ಇನ್ನೊಂದು ಕಡೆ ಅದೇ ಹುಡುಗಿಯ ಮಾತು. ಎರಡನ್ನೂ ಉಳಿಸುವ ದಾರಿ ಇದ್ದರೆ ಅದು ನನ್ನ ಕೈಯಲ್ಲೇ ಇತ್ತು, ಕೈ ತಪ್ಪಿದರೆ ಎರಡೂ ಹೋಗುತ್ತಿದ್ದವು. ವಿದ್ಯುತ್ ಗರಗಸ ಬೇಡ, ಅದರ ಬಿಸಿಗೆ ಕೋಶಗಳು ಸುಟ್ಟುಹೋಗುತ್ತವೆ. ಕೈ ಗರಗಸ ಸಾಕು. ಎಲುಬನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಬಿಗಿಯಾಗಿಸಿ, ಮಧ್ಯದಿಂದ ಉದ್ದಕ್ಕೆ ಒಂದೇ ಒಂದು ಹಲಗೆಯಷ್ಟು ತೆಗೆಯುತ್ತೇನೆ, ನಕ್ಷೆಗೆ ಅಷ್ಟೇ ಬೇಕಾದದ್ದು ಎಂದೆ. ಸರ್ಜನ್ ಆಗಲೆಂದು ತಲೆ ಆಡಿಸಿದರು. ಆಳವಾಗಿ ಅವತ್ತೇ ಹುಗಿಯಬೇಕು ಎಂಬ ಕರಾರಿನ ಮೇಲೆ ಆಸ್ಪತ್ರೆಯವರೂ ಒಪ್ಪಿದರು.

ಮರುದಿನ ಕಾಲು ಬಂತು. ಬಟ್ಟೆ ಬಿಚ್ಚಿದೆ. ಕಾಲಿನ ಉಗುರುಗಳಿಗೆ ಕೆಂಪು ಬಣ್ಣ ಹಚ್ಚಿಕೊಂಡಿದ್ದಳು. ಹಿಂದಿನ ದಿನ ಹಚ್ಚಿದ್ದಿರಬೇಕು, ಉಗುರಿನ ಆಚೀಚೆಯೂ ಹರಡಿತ್ತು. ಆಪರೇಷನ್ನಿಗೆ ಮುಂಚೆ ಬಣ್ಣ ಒರೆಸಬೇಕೆಂದು ಸಿಸ್ಟರ್‌ಗಳು ಕೈಯದನ್ನು ಒರೆಸಿ, ಹೇಗೂ ಹೋಗುವ ಕಾಲೆಂದು ಇದನ್ನು ಬಿಟ್ಟಿದ್ದರು. ಸಾವಿರಾರು ಅಂಗಗಳನ್ನು ಮುಟ್ಟಿದ ಕೈ ನನ್ನದು. ಅವತ್ತು ಕೈಗವಸು ಹಾಕಿಕೊಂಡೆ, ಕತ್ತಿ ಎತ್ತಲಿಲ್ಲ. ನನಗೆ ಅಳು ಬಂತು.

ಖಾನಾಪುರದ ನಮ್ಮ ಹಿರಿಯ ಟೆಕ್ನಿಷಿಯನ್ ಗರಗಸ ತೊಳೆದು ತಂದಿಟ್ಟರು. ಮನೆಯಲ್ಲಿ ಮರಾಠಿ, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. "ಮೇಡಂ, ಶುರು ಮಾಡೂಣು," ಎಂದರು. "ಹೊರಗ ಆಕಿ ಅಪ್ಪ ನಿಂತಾನ."

ಮೊದಲು ಕೊಯ್ದ ತುದಿಯ ಮಜ್ಜೆಯಿಂದ, ರಕ್ತನಾಳದ ತುದಿಯಿಂದ ಚೂರು ತೆಗೆದೆ. ಅಲ್ಲಿ ರೋಗವಿದ್ದರೆ ಮೈಯಲ್ಲೂ ಉಳಿದಿದೆ ಎಂದರ್ಥ. ಆಮೇಲೆ ಒಳಮಗ್ಗುಲಿಗೆ, ಕಾಣದ ಕಡೆಗೆ, ಉದ್ದಕ್ಕೆ ಒಂದೇ ಗೀರು ಹಾಕಿ ಮೊಣಕಾಲಿನ ಕೀಲು ಬಿಡಿಸಿ ತೊಡೆಯೆಲುಬನ್ನು ಗಡ್ಡೆಸಮೇತ ಹೊರತೆಗೆದೆ. ಅದು ತಣ್ಣಗಾಗುವವರೆಗೆ ಕಾದು, ಇಕ್ಕಳಕ್ಕೆ ಬಿಗಿದು, ಟೆಕ್ನಿಷಿಯನ್ ನೀರು ತೊಟ್ಟಿಕ್ಕಿಸುತ್ತಿದ್ದರೆ ನಾನು ಗರಗಸ ಎಳೆದೆ. ಮೇಲಿನ ಭಾಗದಲ್ಲಿ ಗಟ್ಟಿ ಎಲುಬಿನ ಸದ್ದು. ಕೆಳಗಿಳಿದಂತೆ ಸದ್ದು ಬದಲಾಯಿತು, ಕೆಲವು ಕಡೆ ಮರಳು, ಕೆಲವು ಕಡೆ ಏನೂ ಇಲ್ಲ. ಮಧ್ಯದಲ್ಲಿ ಒಮ್ಮೆ ಗರಗಸ ಅಡ್ಡ ಜಾರಿತು. ನಿಲ್ಲಿಸಿ ನೋಡಿದೆ. ಗಡ್ಡೆಯ ಒಂದು ಅಂಚು ಹರಿದಿತ್ತು, ನಕ್ಷೆ ಉಳಿದಿತ್ತು. ಹಲಗೆ ಇಡಿಯಾಗಿ ಬಿಡಿಸಿಕೊಂಡು ಬಂತು.

ಉಳಿದ ಎರಡು ಹೋಳುಗಳನ್ನು ಮತ್ತೆ ಕಾಲೊಳಗೆ ಕೂರಿಸಿದರೆ ನಡುವೆ ಸಂದು. ಮೊಣಕಾಲು ಅತ್ತಿತ್ತ ವಾಲತೊಡಗಿತು. ಮೇಲಿನ ವಾರ್ಡಿನಿಂದ ಪ್ಲಾಸ್ಟರ್ ತರಿಸಿ, ನೀರಲ್ಲಿ ನೆನೆಸಿ ಆ ಸಂದಿಯಲ್ಲಿ ತುಂಬಿದೆ. ಅದು ಬಿಗಿಯಾದ ಮೇಲೆ ಹೊಲಿಯತೊಡಗಿದೆ. ಬದುಕಿದವರ ಮೈ ಹೊಲಿದು ನನಗೆ ಯಾವ ಕಾಲವಾಯಿತೋ. ನಾವು ಕೊಯ್ದದ್ದು ಯಾರಿಗೂ ವಾಪಸು ಹೋಗುವುದಿಲ್ಲವಾದ್ದರಿಂದ ಹೊಲಿಯುವ ಗೋಜೇ ಇರುವುದಿಲ್ಲ. ಒಂದೊಂದೇ ಹೊಲಿಗೆ ಹತ್ತಿರ ಹತ್ತಿರ ಹಾಕಿದೆ. "ಲಗ್ನದ ಕುಪ್ಪಸ ಹೊಲದಂಗ ಹೊಲ್ಯಾಕತ್ತೀರಿ," ಎಂದರು ಟೆಕ್ನಿಷಿಯನ್. ಹೇಳಿದ ಮೇಲೆ ಅವರೇ ಮುಖ ತಿರುಗಿಸಿಕೊಂಡರು.

ಕಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳ ತಂದೆಯ ಕೈಗೆ ಕೊಟ್ಟೆ. ಅವರು ಮಾತಿನ ಮನುಷ್ಯರಲ್ಲ. ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಹಿಡಿದರು. ಒಳಗೆ ಪ್ಲಾಸ್ಟರ್ ತುಂಬಿದ್ದೇನೆ, ಎಲುಬಿನ ಒಂದು ಭಾಗ ನನ್ನ ಹತ್ತಿರವಿದೆ ಎಂದು ಹೇಳಿದೆ. "ಆತ್ರಿ," ಎಂದಷ್ಟೇ ಹೇಳಿ ಖಾನಾಪುರದ ದಾರಿ ಹಿಡಿದರು. ಸಂಜೆಯೊಳಗೆ ಅದನ್ನು ಹೊಲದ ಬದುವಿನಲ್ಲಿ, ಮುತ್ಯಾನ, ಅಂದರೆ ಅವಳ ಅಜ್ಜನ ಗದ್ದುಗೆಯ ಪಕ್ಕದಲ್ಲಿ, ಮಣ್ಣು ಮಾಡಿದರಂತೆ.

ಇತ್ತ ಆಮ್ಲದ ಕೆಲಸ ಶುರುವಾಯಿತು. ಎಲುಬಿನಲ್ಲಿ ಸುಣ್ಣವಿರುವವರೆಗೆ ಅದನ್ನು ತೆಳ್ಳಗೆ ಸೀಳಲಾಗದು, ಕತ್ತಿ ಮುರಿಯುತ್ತದೆ. ಹಲಗೆಯನ್ನು ಚೌಕಗಳಾಗಿ ಕೊಯ್ದು, ಯಾವ ಚೌಕ ಎಲ್ಲಿಯದೆಂದು ಗುರುತು ಹಾಕಿ, ಆಮ್ಲದಲ್ಲಿ ಇಳಿಬಿಟ್ಟು ಸುಣ್ಣ ಕರಗುವುದನ್ನು ಕಾಯಬೇಕು. ದಿನವೂ ಆ ಆಮ್ಲವನ್ನು ಒಂದಿಷ್ಟು ತೆಗೆದು ಪರೀಕ್ಷೆ ಮಾಡುತ್ತೇವೆ, ಹಾಲಿನಂತೆ ಬೆಳ್ಳಗಾದರೆ ಇನ್ನೂ ಸುಣ್ಣ ಬಿಡುತ್ತಿದೆ ಎಂದು ಅರ್ಥ. ದಿನವೂ ಬೆಳ್ಳಗಾಗುತ್ತಿತ್ತು. ಸರ್ಜನ್ನರ ಫೋನೂ ದಿನವೂ ಬರುತ್ತಿತ್ತು. ಬಲವಾದ ಆಮ್ಲ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಕೋಶಗಳು ಬಣ್ಣ ಹಿಡಿಯುವುದಿಲ್ಲ, ಬದುಕಿದ್ದೂ ಸತ್ತಂತೆ ಕಾಣುತ್ತದೆ. ಅವಸರದ ಅಡುಗೆ ಹಸಿಬಿಸಿ ಎಂದು ಹೇಳಿ ಫೋನಿಟ್ಟೆ. ಒಮ್ಮೆ ಆಯಿತೆಂದು ತೆಗೆದ ಚೌಕಗಳು ಕತ್ತಿಗೆ ಕರಕರ ಎಂದವು. ಮತ್ತೆ ಆಮ್ಲಕ್ಕೆ ಹಾಕಿದೆವು.

ಕಡೆಗೊಮ್ಮೆ, ಚೌಕಗಳನ್ನು ತೆಳ್ಳಗೆ ಸೀಳಿ ಗಾಜಿಗೆ ಅಂಟಿಸಿ ಬಣ್ಣ ಹಾಕಿದ ಸ್ಲೈಡುಗಳು ಬಂದವು. ಬಾಳೆಲ್ಲ ಜೀವ ಹುಡುಕಿದವಳು ಅವತ್ತು ಸಾವು ಹುಡುಕುತ್ತ ಕೂತೆ. ಗಡ್ಡೆಯ ಕೋಶ ಸತ್ತರೆ ಅದು ಕಟ್ಟಿದ ಎಲುಬು ಮಾತ್ರ ಉಳಿದು ಒಳಗಿನ ಗುಣಿ ಖಾಲಿಯಾಗಿರುತ್ತದೆ. ಮೊದಲ ಚೌಕದಲ್ಲಿ ಖಾಲಿ ಗುಣಿಗಳು ಕಂಡು ಮನಸ್ಸು ಹಗುರಾಯಿತು. ಎರಡನೆಯದರಲ್ಲೂ ಖಾಲಿ. ಆಮೇಲಿನವುಗಳಲ್ಲಿ ಬಣ್ಣ ಹೀರಿದ ಕೋಶಗಳ ನೀಲಿ ಗದ್ದಲ ಶುರುವಾಯಿತು. ಕೋಶಗಳು ಔಷಧಿ ಮೈಗೆ ತಾಕಿಯೇ ಇಲ್ಲವೆಂಬಂತೆ ಕಟ್ಟುತ್ತಿದ್ದವು. ಸಾಯಬೇಕಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದ್ದವು. ನಕ್ಷೆ ಕೆಟ್ಟಿದ್ದರೆ ಅನುಮಾನಕ್ಕಾದರೂ ಜಾಗವಿರುತ್ತಿತ್ತು. ಅದು ಚೊಕ್ಕಟವಾಗಿತ್ತು.

ಔಷಧಿ ಬದಲಾಯಿಸಿದರು. ಅದರ ನಡುವೆ ಒಂದು ದಿನ ಹುಡುಗಿ ಎರಡು ಊರುಗೋಲು ಹಚ್ಚಿಕೊಂಡು ನೆಲಮಾಳಿಗೆಗೆ ಬಂದಳು. ತಾಯಿ ಮೇಲೆ ವಾರ್ಡಿನಲ್ಲಿದ್ದರು. "ನನ್ನ ಎಲುಬ ತೋರಸ್ರಿ," ಎಂದು ಸ್ಟೂಲಿನ ಮೇಲೆ ಕೂತಳು.

ಗಡ್ಡೆ ಮುಟ್ಟದ ಮೇಲಿನ ಚೌಕವನ್ನು ಇಟ್ಟುಕೊಟ್ಟೆ. ಸುತ್ತು ಸುತ್ತಾಗಿ ಕಟ್ಟಿದ ಎಲುಬು, ಸುತ್ತಿನ ಉದ್ದಕ್ಕೂ ಗುಣಿಗಳು, ಒಂದೊಂದರಲ್ಲೂ ಒಂದೊಂದು ಕೋಶ. ಇವು ಯಾಕೆ ಅಲ್ಲಾಡುವುದಿಲ್ಲ ಎಂದು ಕೇಳಿದಳು. ತಾವೇ ಕಟ್ಟಿದ್ದರಲ್ಲಿ ತಾವೇ ಕೂತಿರುತ್ತವೆ, ಅಲ್ಲಿಂದಲೇ ಒಬ್ಬರನ್ನೊಬ್ಬರು ಹಿಡಿದಿರುತ್ತವೆ ಎಂದೆ.

"ನಮ್ಮವರಂಗ ಕುಂತಾವಲ್ರಿ," ಎಂದಳು. ಬಹಳ ಹೊತ್ತು ನೋಡಿದಳು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, "ಅವ್ವಗ ಒಮ್ಮಿ ತೋರಸ್ರಿ. ಸುಮ್ನ ಬೈಕೋತ ಕುಂದರ್ತಾಳು," ಎಂದಳು.

ಅದಾದ ಮೇಲೆ ಅವಳು ನೆಲಮಾಳಿಗೆಗೆ ಬರಲಿಲ್ಲ. ಎದೆಯ ಸ್ಕ್ಯಾನಿನಲ್ಲಿ ಕಲೆಗಳು ಕಂಡವು. ಗಾಳಿಯಾಡಬೇಕಾದ ಶ್ವಾಸಕೋಶದಲ್ಲಿ ಆ ಕೋಶಗಳು ಎಲುಬು ಕಟ್ಟತೊಡಗಿದ್ದವು. ಅವುಗಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಮನೆಗೆ ಕರೆದುಕೊಂಡು ಹೋದರು.

ಒಂದು ಬೆಳಿಗ್ಗೆ ಹುಡುಗಿಯ ತಂದೆ ಫೋನು ಮಾಡಿದರು. "ಬಾಯಾರ, ಆಕಿದು ನಿಮ್ಮ ಕಡೆ ಒಂದೀಟ ಉಳದಿತ್ತಲ್ರಿ," ಎಂದರು. ಏನಾಗಿದೆ ಎಂದು ಕೇಳುವುದು ಬೇಕಿರಲಿಲ್ಲ.

ಉಳಿಸಿಟ್ಟಿದ್ದ ಎಲುಬಿನ ಚೂರುಗಳನ್ನು ನಲ್ಲಿಯ ನೀರಿನ ಕೆಳಗಿಟ್ಟು ವಾಸನೆ ಹೋಗುವವರೆಗೆ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟೆ. ಟೆಕ್ನಿಷಿಯನ್ ತಾವಾಗಿಯೇ ಗಾಡಿ ಓಡಿಸಿದರು. ಪಾರಿಶ್ವಾಡ ಮುಟ್ಟುವ ಹೊತ್ತಿಗೆ ಹೊಲದಲ್ಲಿ ಗುಣಿ ತೆಗೆಯುತ್ತಿದ್ದರು. ಕಾಲು ಹುಗಿದ ಜಾಗದಲ್ಲಿ ಮಾತ್ರ ಗುದ್ದಲಿ ಬಿಟ್ಟು ತಂದೆ ಕೈಯಿಂದಲೇ ಮಣ್ಣು ಸರಿಸುತ್ತಿದ್ದರು. ಮಾಂಸ ಮಣ್ಣಾಗಿತ್ತು. ಎಲುಬಿನ ಎರಡು ಹೋಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು, ನಡುವೆ ನಾನು ತುಂಬಿದ ಪ್ಲಾಸ್ಟರ್ ಹಾಗೆಯೇ ಬೆಳ್ಳಗಿತ್ತು.

ತಾಯಿ ಅದನ್ನು ನೋಡಿದರು. "ಅದು ಆಕೀದಲ್ಲ. ತಗೀರಿ," ಎಂದರು.

ಬದುವಿನ ಮೇಲೆ ಕೂತು, ಎಲುಬನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟರ್ ಬಿಡಿಸಿದೆ. ಆ ಸಂದಿಯಲ್ಲಿ ನಾನು ತಂದದ್ದನ್ನು ಇಟ್ಟು ದಾರ ಸುತ್ತಿದೆ. ಆಮ್ಲದಲ್ಲಿ ನೆಂದ ಚೂರುಗಳು ಮೆತ್ತಗಿದ್ದವು, ಒತ್ತಿದರೆ ಬಾಗುತ್ತಿದ್ದವು. ಕೂರಿಸುವಾಗ ಅವಳ ಬಲಗಾಲನ್ನು ಮಡಿಚಿ, ಎಡಗಡೆ ಆ ಎಲುಬುಗಳನ್ನು ಮಡಿಚಿದ ಕಾಲಿನ ಹಾಗೆಯೇ ಜೋಡಿಸಿದರು. ಶಾಸ್ತ್ರ ಮಾಡಿಸಲು ಬಂದ ಅಯ್ನಾರು ಮೇಲೆ ಬಿಲ್ವಪತ್ರಿ ಮುಚ್ಚಿದರು. ಹುಡುಗಿ ಅಂದುಕೊಂಡ ಹಾಗೆಯೇ ಕೂತಿದ್ದಳು. ಮುದುಕಿ ಆಗಿರಲಿಲ್ಲ, ಅಷ್ಟೇ.

"ಎಲ್ಲಾ ಬಂತೇನ್ರಿ?" ಎಂದು ತಾಯಿ ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇಲ್ರಿ ಅಕ್ಕಾರ. ಕೂದಲೆಳೀಗಿಂತ ತೆಳ್ಳಗ ಸೀಳಿದ್ದು ಒಂದೀಟ ಗಾಜಿನ ಮ್ಯಾಲ ಐತಿ. ಅದನ್ನ ಆಸ್ಪತ್ರಿಯವರು ಇಟಗೋಬೇಕು, ಕೊಡಾಕ ಬರೂದಿಲ್ಲ," ಎಂದೆ. ಅವ್ವನಿಗೂ ಒಮ್ಮೆ ತೋರಿಸಿ ಎಂದು ಮಗಳು ಹೇಳಿ ಹೋದದ್ದನ್ನೂ ಹೇಳಿದೆ.

ಮಳೆ ಹಿಡಿದ ಮೇಲೆ ಒಂದು ದಿನ ಅವರು ಒಬ್ಬರೇ ಬಂದರು. ಬಸ್ಸಿನಲ್ಲಿ ಬಂದು, ಛತ್ರಿ ಹೊರಗಿಟ್ಟು, ಮಗಳು ಕೂತಿದ್ದ ಸ್ಟೂಲಿನಲ್ಲೇ ಕೂತರು. ಅದು ಅವರಿಗೆ ಗೊತ್ತಿರಲಿಲ್ಲ. ಆರೋಗ್ಯವಂತ ಎಲುಬಿನ ಸ್ಲೈಡು ತೋರಿಸಿದೆ, ಕೂತ ಕೋಶಗಳನ್ನು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು.

"ರೋಗಾನೂ ತೋರಸ್ರಿ," ಎಂದರು. "ಒಮ್ಮಿ ಅದರ ಮಾರಿ ನೋಡ್ತೇನಿ."

ಬೇಡವೆಂದರೂ ಕೇಳಲಿಲ್ಲ. ಇನ್ನೊಂದು ಸ್ಲೈಡು ಇಟ್ಟೆ.

"ಈ ನೀಲಿ ಗದ್ದಲ ಏನ್ರಿ?"

"ಹೌದ್ರಿ."

"ಎಲ್ಲಿಂದ ಬಂತ್ರಿ ಇದು ಆಕಿ ಮೈಯಾಗ?"

"ಎಲ್ಲಿಂದಾನೂ ಬಂದಿಲ್ರಿ ಅಕ್ಕಾರ. ಮೊದಲ ತೋರಿಸಿದೆನಲ್ಲ, ಆಕಿ ಎಲುಬ ಕಟ್ಟೂ ಕೋಶ, ಅವ ಇವು. ಕಟ್ಟೂದು ನಿಲ್ಲಸೂದು ತಿಳೀಲಿಲ್ಲ ಇವಕ್ಕ."

"ಅಂದ್ರ ಇವೂ ಆಕೀವ?"

"ಆಕೀವ್ರಿ."

ಅವರು ಕಣ್ಣು ತೆಗೆಯದೆ ನೋಡುತ್ತಲೇ ಇದ್ದರು. ಅವರ ಬಾಯಿಯಿಂದ ಬೈಗುಳ ಬರುತ್ತದೆಂದು ನಾನು ಕಾಯುತ್ತಿದ್ದೆ, ಬಂದರೆ ನನಗೂ ಹಗುರಾಗುತ್ತಿತ್ತು.

"ಹಂಗಾರ ಇದನ್ನ ಬೈಯಾಕೂ ಬರೂದಿಲ್ಲಲ್ರಿ ನನಗ," ಎಂದರು.